ಪರದೆಯಕ್ಕನ ಕಾರು ಕಾದ ಕತೆ

ಆ ಬೀದಿಯವರಿಗೆಲ್ಲ ಅವಳು ಪರದೆಯಕ್ಕ. ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದು, ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಪೇರಿಸಿಕೊಂಡು ಹೋಗಿ, ಸ್ಟೂಲು ಹತ್ತಿ ತಾನೇ ತೂಗುಹಾಕಿ ಬರುವವಳು. ಅಳತೆಯಲ್ಲಿ ಅವಳು ತಪ್ಪಿದ್ದನ್ನು ಕಂಡವರಿಲ್ಲ. ಮಾತಿನಲ್ಲೂ ಅಷ್ಟೇ. ಬುಧವಾರ ಕೊಡುತ್ತೇನೆ ಎಂದರೆ ಬುಧವಾರವೇ, ಗುರುವಾರ ಬೆಳಿಗ್ಗೆ ಅಲ್ಲ.

ಗಂಡ ಗ್ಯಾರೇಜಿನ ಮೇಸ್ತ್ರಿ. ಡ್ರೈವರುಗಳ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವವನು. ಎಂಜಿನ್ ಕಾಯಿಸಿ ಕೆಡಿಸಿಕೊಂಡು ಬಂದವರೆಲ್ಲ ಹೇಳುವುದು ಒಂದೇ: "ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಹೋದ ತಕ್ಷಣ ನಿಲ್ಲಿಸ್ಬಿಟ್ಟೆ ಅಣ್ಣ." ಮೇಸ್ತ್ರಿ ತಲೆಯಾಡಿಸಿ, ಅವರು ಅತ್ತ ಹೋದ ಮೇಲೆ ಎಂಜಿನ್ನನ್ನು ಬಿಚ್ಚಿ ನಿಜ ತಿಳಿದುಕೊಳ್ಳುತ್ತಿದ್ದ. "ನಾನು ನಂಬೋ ಡ್ರೈವರು ಒಬ್ಬಳೇ, ನನ್ನ ಹೆಂಡ್ತಿ," ಎಂದು ಅವನು ಗ್ಯಾರೇಜಿನಲ್ಲಿ ಹೇಳಿಕೊಳ್ಳುವುದು ಅವಳ ಕಿವಿಗೂ ಬಿದ್ದಿತ್ತು. ಆ ಬಾಯಿಂದ ಹೊಗಳಿಕೆ ಬರುವುದೇ ಅಪರೂಪ. ಪರದೆಯಕ್ಕನಿಗೆ ಆ ಒಂದು ಮಾತು ಒಡವೆಗಿಂತ ಹೆಚ್ಚಿನದು.

ಹಾಗಿದ್ದವಳು ಒಂದು ಸಂಜೆ ಕಾರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಮನೆಗೆ ಬಂದಳು.

"ದಿಬ್ಬದ ತುದೀಲಿ ಮುಳ್ಳು ಕೆಂಪಿಗೆ ಹೋಯ್ತು ರೀ. ನೋಡಿದ ತಕ್ಷಣ ನಿಲ್ಲಿಸ್ದೆ," ಎಂದಳು.

"ಒಳ್ಳೇದು ಮಾಡ್ದೆ," ಎಂದ ಮೇಸ್ತ್ರಿ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

ರಜೆಯ ದಿನ ಮನೆಯ ಮುಂದಿನ ತಗಡಿನ ಮಾಡಿನ ಕೆಳಗೆ ಅವನು ಬಾನೆಟ್ ಎತ್ತಿದ. ಎಂಜಿನ್ನಿಗೆ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ಅವಳಿಗೆ ತೋರಿಸಿದ. ಒಳಮೈಗೆಲ್ಲ ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ ಮೆತ್ತಿಕೊಂಡಿತ್ತು. ರೇಡಿಯೇಟರಿಗೆ ನೀರು ತುಂಬಿಸಿ, ಮುಚ್ಚಳ ಹಾಕದೆ, "ಸ್ಟಾರ್ಟ್ ಮಾಡು," ಎಂದ. ಅವಳು ಕೀ ತಿರುಗಿಸಿದಳು. ಇನ್ನೂ ತಣ್ಣಗೇ ಇದ್ದ ನೀರು ಗುಳುಗುಳು ಗುಳ್ಳೆ ಬಿಡತೊಡಗಿತು. ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಹೊರಟು ಒಣಹಾಕಿದ ಬಟ್ಟೆಗಳನ್ನೆಲ್ಲ ಮುಚ್ಚಿತು.

"ಸಾಕು, ಆಫ್ ಮಾಡು. ಹೆಡ್ ಗ್ಯಾಸ್ಕೆಟ್ ಹೋಗಿದೆ."

ಎಂಜಿನ್ನಿನ ಮೈಗೂ ಅದರ ಮೇಲೆ ಕೂರುವ ಹೆಡ್ ಎಂಬ ದಪ್ಪ ಮುಚ್ಚಳಕ್ಕೂ ನಡುವೆ ಇರುವ ತೆಳ್ಳನೆಯ ಹಾಳೆಯೇ ಈ ಗ್ಯಾಸ್ಕೆಟ್. ನೀರು, ಎಣ್ಣೆ, ಬೆಂಕಿ ಮೂರನ್ನೂ ಅವವುಗಳ ಪಾಡಿಗೆ ಇಡುವುದು ಅದರ ಕೆಲಸ. ಅದು ಸುಟ್ಟರೆ ಮೂರೂ ಒಂದರ ಮನೆಗೆ ಇನ್ನೊಂದು ನುಗ್ಗುತ್ತವೆ.

ಎಂಜಿನ್ ಪೂರ್ತಿ ಆರಿದ ಮೇಲೆ ಮೇಸ್ತ್ರಿ ನೀರು ಇಳಿಸಿದ. ಬೋಲ್ಟುಗಳನ್ನು ಅಂಚಿನಿಂದ ನಡುವಿನ ಕಡೆಗೆ ಒಂದೊಂದಾಗಿ ಸಡಿಲಿಸಿದ. ಇಬ್ಬರೂ ಸೇರಿ ಹೆಡ್ಡನ್ನು ಎತ್ತಿ, ಹಲಗೆಯ ಮೇಲೆ ಹಳೇ ಪರದೆ ಹಾಸಿ, ಅದರ ಮೇಲೆ ಮಲಗಿಸಿದರು. ಗ್ಯಾಸ್ಕೆಟ್ಟು ನೀರಿನ ತೂತಿನ ಪಕ್ಕದಲ್ಲಿ ಕರ್ರಗೆ ಸುಟ್ಟು ಬಾಯಿಬಿಟ್ಟಿತ್ತು. ಅಂಟಿಕೊಂಡಿದ್ದ ಚೂರುಗಳನ್ನೆಲ್ಲ ಮೇಸ್ತ್ರಿ ಕೆರೆದು, ಒರೆಸಿ, ಹೊಸ ಗ್ಯಾಸ್ಕೆಟ್ಟಿನ ಪೊಟ್ಟಣ ಬಿಚ್ಚಿದ.

"ಹೆಡ್ಡು ಮಟ್ಟವಾಗಿದ್ಯಾ ನೋಡಲ್ವಾ?" ಎಂದಳು ಪರದೆಯಕ್ಕ.

"ಬೇರೆಯವರ ಗಾಡಿಯಾಗಿದ್ರೆ ನೋಡ್ತಿದ್ದೆ. ಕಾದ ಮೇಲೂ ಓಡಿಸ್ತಾ ಇದ್ರೆ ತಾನೇ ಹೆಡ್ಡು ಬಾಗೋದು? ನೀನು ತಕ್ಷಣ ನಿಲ್ಲಿಸಿದ್ದೀಯಲ್ಲ."

ಪರದೆಯಕ್ಕ ಅವನ ಕೈಯಲ್ಲಿದ್ದ ಹೊಸ ಗ್ಯಾಸ್ಕೆಟ್ಟನ್ನು ನೋಡಿದಳು. ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತದೆ, ಬಾಗಿದ ಹೆಡ್ಡಿನ ಕೆಳಗೆ ಹೊಸ ಗ್ಯಾಸ್ಕೆಟ್ಟೂ ಸುಡುತ್ತದೆ. ಬಾಯಿಬಿಟ್ಟರೆ ಕಾರು ಉಳಿಯುತ್ತದೆ, ಗ್ಯಾರೇಜಿನಲ್ಲಿ ಗಂಡ ಆಡುವ ಆ ಒಂದು ಮಾತು ಹೋಗುತ್ತದೆ. ಅವಳು ಒಳಗೆ ಹೋದಳು. ಬಟ್ಟೆ ಕತ್ತರಿಸಲು ಇಟ್ಟುಕೊಂಡಿದ್ದ ಉದ್ದನೆಯ ಉಕ್ಕಿನ ಸ್ಕೇಲು ತಂದು ಅವನ ಮುಂದೆ ಹಿಡಿದಳು.

"ಇಟ್ಟು ನೋಡಿ."

"ಯಾಕೆ?"

"ದಿಬ್ಬದ ಬುಡದಲ್ಲೇ ಮುಳ್ಳು ನೋಡಿದ್ದೆ. ನೋಡಿಯೂ ತುದೀವರೆಗೆ ಹತ್ತಿಸ್ದೆ."

ಮೇಸ್ತ್ರಿ ಸ್ಕೇಲನ್ನು ಹೆಡ್ಡಿನ ಉದ್ದಕ್ಕೂ ಅಂಚು ತಾಗುವಂತೆ ನಿಲ್ಲಿಸಿ, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ನಡುವಿನಲ್ಲಿ ಬೆಳಕು ಕಂಡಿತು. ಕಾಗದದಂಥ ಉಕ್ಕಿನ ಪಟ್ಟಿಯೊಂದನ್ನು ಆ ಸಂದಿಗೆ ತೂರಿಸಿದ. ಅದು ಸಲೀಸಾಗಿ ಹೋಯಿತು. ಅದಕ್ಕಿಂತ ದಪ್ಪದ್ದೂ ಹೋಯಿತು.

"ಯಾಕೆ ನಿಲ್ಲಿಸ್ಲಿಲ್ಲ?"

"ನಿಮ್ಮ ತಮ್ಮನ ಹೆಂಡ್ತಿ ಮುಂದೆ ಹೋಗ್ತಿದ್ಲು."

ಮೈದುನನ ಹೆಂಡತಿ ಹೊಸ ಕಾರು ತೆಗೆದುಕೊಂಡಾಗ ನೆಂಟರಿಷ್ಟರ ಮುಂದೆ ಒಂದು ಮಾತು ಎಸೆದಿದ್ದಳು: "ಅಕ್ಕನ ಡಬ್ಬ ದಿಬ್ಬ ಹತ್ತೋಷ್ಟರಲ್ಲಿ ನಾನು ಮನೆ ಸೇರಿ ಅಡುಗೆ ಮುಗಿಸಿರ್ತೀನಿ." ಎಲ್ಲರೂ ನಕ್ಕಿದ್ದರು. ಪರದೆಯಕ್ಕನೂ ಹಲ್ಲು ಕಚ್ಚಿಕೊಂಡೇ ನಕ್ಕಿದ್ದಳು. ಅಂಥವಳ ಕಾರು ಅದೇ ದಿಬ್ಬದ ಬುಡದಲ್ಲಿ ಕಣ್ಣ ಮುಂದೆಯೇ ಹೋಗುತ್ತಿದ್ದರೆ ಯಾವ ಮುಳ್ಳು ಎಲ್ಲಿಗೆ ಹೋದರೇನು?

ಮೇಸ್ತ್ರಿ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಹೆಡ್ಡನ್ನು ಅದೇ ಹಳೇ ಪರದೆಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಲೇತ್ ಅಂಗಡಿಗೆ ಮಟ್ಟ ಮಾಡಿಸಲು ಹೊರಟುಹೋದ. ಅವನು ಬರುವವರೆಗೆ ಅವಳಿಂದ ಒಂದು ಹೊಲಿಗೆಯೂ ಹಾಕಲಾಗಲಿಲ್ಲ. ಕುಳಿತಳು, ಎದ್ದಳು, ಬಿಚ್ಚಿಟ್ಟ ಬೋಲ್ಟುಗಳನ್ನು ಒರೆಸಿದ್ದನ್ನೇ ಮತ್ತೆ ಒರೆಸಿದಳು. ನಾಚಿಕೆ ಎಂದರೆ ನಾಚಿಕೆ.

ಇಳಿಹೊತ್ತಿಗೆ ಹೆಡ್ಡು ಕನ್ನಡಿಯಂತಾಗಿ ಬಂತು. ಗ್ಯಾಸ್ಕೆಟ್ ಕೂರಿಸಿ, ಇಬ್ಬರೂ ಸೇರಿ ಹೆಡ್ಡನ್ನು ಇಳಿಸಿದರು. ಈಗ ಬೋಲ್ಟು ಬಿಗಿಯುವುದು ನಡುವಿನಿಂದ ಅಂಚಿಗೆ. ಒಂದೇ ಸಲಕ್ಕೆ ಅಲ್ಲ, ಸುತ್ತು ಸುತ್ತಾಗಿ, ಸ್ವಲ್ಪ ಸ್ವಲ್ಪವೇ. ಮೊದಲ ಸುತ್ತು ಮುಗಿಯಿತು. ಎರಡನೇ ಸುತ್ತಿನ ನಡುವೆ ಅವನು ತಲೆ ಎತ್ತದೆಯೇ ಕೇಳಿದ.

"ತುದಿ ಮೊದಲು ಮುಟ್ಟಿದ್ದು ಯಾರು?"

"ನಾನೇ."

"ಏನಂದ್ಲು ಅವಳು?"

'ಅವಳ ಮುಖ ಸಪ್ಪಗಾಯ್ತು' ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಪರದೆಯಕ್ಕ ಅದನ್ನು ನುಂಗಿಕೊಂಡಳು.

"ಏನೂ ಅನ್ಲಿಲ್ಲ. ಅವಳು ನನ್ನನ್ನ ನೋಡೇ ಇಲ್ಲ. ಅರ್ಧ ದಿಬ್ಬದಲ್ಲಿ ಕಾರು ಪಕ್ಕಕ್ಕೆ ಹಾಕಿ ಫೋನಲ್ಲಿ ಮಾತಾಡ್ತಾ ನಿಂತಿದ್ಲು."

"ಅವಳು ನಿಂತ್ಬಿಟ್ಟಿದ್ಲಾ? ಆಮೇಲಾದ್ರೂ ನೀನು ನಿಲ್ಲಿಸ್ಬಹುದಿತ್ತಲ್ಲೇ."

"ಗೆಲ್ತಾ ಇದ್ದೆ ರೀ."

ಮೇಸ್ತ್ರಿಯ ಕೈಯಲ್ಲಿ ರೆಂಚು ನಿಂತಿತು. ಅವನು ತಲೆ ಎತ್ತಿ ಹೆಂಡತಿಯ ಮುಖ ನೋಡಿದ.

"ಇದನ್ನ ನಂಬ್ತೀನಿ," ಎಂದು ಮುಂದಿನ ಬೋಲ್ಟಿಗೆ ರೆಂಚು ಹಾಕಿದ.