ಕೊಡ ಹೊತ್ತ ಬೊಂಬೆ

ಶ್ರೀಜಾ, ಕಾರ್ತೀಕ, ನಾನು ನಿಮ್ಮಷ್ಟಿದ್ದಾಗ ನಾವು ತೆಲುಗು ಸೀಮೆಯ ಕೊಂಡಪಲ್ಲಿಯಲ್ಲಿದ್ದೆವು. ನಿಮ್ಮ ಮುತ್ತಜ್ಜ ಹಾವೇರಿ ಕಡೆಯಿಂದ ಬಂದು ಪಕ್ಕದ ಇಬ್ರಾಹಿಂಪಟ್ನಂನಲ್ಲಿ ಕೆಲಸಕ್ಕೆ ಸೇರಿದ್ದರು. ಆಗ ನಮ್ಮ ಓಣಿಯ ಮನೆಮನೆಯಲ್ಲೂ ಮರದ ಬೊಂಬೆ ಮಾಡುತ್ತಿದ್ದರು. ಹಸಿ ಮರದ ಹೊಗೆ, ಕುದಿಯುವ ಹುಣಸೆಬೀಜದ ಅಂಟು, ಬಣ್ಣ, ಎಲ್ಲದರ ವಾಸನೆ ನಮ್ಮ ಅನ್ನದ ತಟ್ಟೆಯವರೆಗೂ ಬರುತ್ತಿತ್ತು.

ಪಕ್ಕದ ಮನೆಯ ಸೂರಯ್ಯ ಮಾವನ ಕೆತ್ತನೆಗೆ ಬೆಜವಾಡದ ಪೇಟೆಯಲ್ಲೂ ಹೆಸರಿತ್ತು. ಅವರ ಹಿರಿಯ ಮಗಳು ಪಾರ್ವತಕ್ಕನ ಎಡಗೆನ್ನೆ ಸುಟ್ಟು ಸುಕ್ಕಾಗಿತ್ತು. ಅಂಬೆಗಾಲಿಡುವಾಗ ಮರ ಒಣಗಿಸುವ ಬೆಂಕಿಗೆ ಬಿದ್ದಿದ್ದಳಂತೆ. ನನಗೆ ಹುರಿದ ಹುಣಸೆಬೀಜ ಕೊಟ್ಟು, ಕಲ್ಲಾಟದಲ್ಲಿ ಬೇಕೆಂದೇ ಸೋಲುತ್ತಿದ್ದಳು.

ಆ ಬೇಸಿಗೆ ಮಾವ ಕೊಡ ಹೊತ್ತ ಹೆಂಗಸಿನ ಹೊಸ ಬೊಂಬೆಗೆ ಕೈಹಾಕಿದರು. ಪಾರ್ವತಕ್ಕನಿಗೆ ತುಂಬಿದ ಕೊಡ ಹೊರಿಸಿ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. ಖಾಲಿ ಕೊಡಕ್ಕೆ ನಡು ಸರಿಯಾಗಿ ಬಾಗುವುದಿಲ್ಲವಂತೆ. ನೀರು ತುಳುಕಿದರೆ ಉಳಿಯ ಹಿಡಿಯಿಂದ ಮೊಣಕಾಲಿಗೆ ಏಟು.

"ಅಣ್ಣಾರ, ಕೂಸು ಬಿಸಲಾಗ ಬಿದ್ದೀತು," ಎಂದಳು ನಮ್ಮವ್ವ.

"ಬೀಳಲ್ಲಮ್ಮಾ. ಇವಳನ್ನ ಯಾರೂ ಮದುವೆಯಾಗಲ್ಲ. ನಿಲ್ಲೋದಾದರೂ ಕಲೀಲಿ."

ಪಾರ್ವತಕ್ಕ ಮಾತ್ರ ನನ್ನ ಕಿವಿಯಲ್ಲಿ, "ಬುಜ್ಜೀ, ಬೊಂಬೆಗೆ ಸುಟ್ಟ ಗುರುತಿರಲ್ಲ. ನಾನು ಹೇಗಿರ್ತಿದ್ದೆನೋ ಒಂದ್ಸಲ ನೋಡಬೇಕು," ಎಂದಿದ್ದಳು.

ಅಲ್ಲಿಯವರು ಬೊಂಬೆಯ ಮೈ, ಕೈ, ತಲೆ ಬೇರೆಬೇರೆ ಕೆತ್ತಿ ಆಮೇಲೆ ಅಂಟಿಸುತ್ತಾರೆ. ಮೈ ಮುಗಿದ ದಿನ ಪಾರ್ವತಕ್ಕ ಮುಖ ತೊಳೆದು, ತಲೆ ಬಾಚಿಕೊಂಡು ಅಪ್ಪನ ಮುಂದೆ ಕೂತಳು. ಅವರು ಅವಳ ತಂಗಿಯನ್ನು ಕರೆದರು. "ರಮಣೀ, ಬಾ, ಬೆಳಕಿಗೆ ಕೂರು."

"ನಾನ್ನಾ, ನಾನು ಬಂದಿದೀನಲ್ಲ?" ಎಂದು ಪಾರ್ವತಕ್ಕ ಅಪ್ಪನನ್ನು ಕೇಳಿದಳು.

"ನಿನ್ನಿಂದ ಬೇಕಾದದ್ದು ತಗೊಂಡಾಯ್ತು."

"ಗುರುತು ಬಿಟ್ಟು ಕೆತ್ತಬಹುದಲ್ವಾ?"

"ಗುರುತು ಬಿಟ್ಟರೆ ನಿನ್ನ ಮುಖದಲ್ಲಿ ಇನ್ನೇನಿದೆ?"

ಕೆಲಸದವರು ನಕ್ಕರು. ರಮಣಿಯೂ ನಕ್ಕಳು.

ಮನೆಯಲ್ಲಿ ಕಣ್ಣು ಬರೆಯಲು ಪಾರ್ವತಕ್ಕನ ಕೈಯೇ ಗಟ್ಟಿ. ಹಾಗಾಗಿ ರಮಣಿಯ ಮುಖದ ಬೊಂಬೆಗೆ ಕಣ್ಣು, ಹುಬ್ಬು, ತುಟಿ ಅವಳೇ ಬರೆದಳು. ಕೊನೆಗೆ ಎಡಗೆನ್ನೆಯ ಮೇಲೆ ಒಂದು ಕಪ್ಪು ಚುಕ್ಕೆ ಇಟ್ಟಳು. ಮಾವ ಅದನ್ನು ಉಳಿಯಿಂದ ಹೆರೆದು, ಅವಳ ಸುಟ್ಟ ಕೆನ್ನೆಗೇ ಹೊಡೆದರು.

ಬೆಜವಾಡದ ಅಂಗಡಿಯವನು ಇನ್ನಷ್ಟು ಬೊಂಬೆ ಕೇಳಿದ. ಈ ಸಲ ರಮಣಿಗೆ ಕೊಡ ಹೊರಿಸಿದರೆ, ಕುತ್ತಿಗೆ ನೋವೆಂದು ಇಳಿಸಿಬಿಟ್ಟಳು.

"ಪಾರ್ವತೀ, ಬಾ, ನಿಲ್ಲು."

ಅವಳು ಬರಲಾರಳು ಎಂದುಕೊಂಡಿದ್ದೆ. ತಾನೇ ಕೊಡ ತುಂಬಿಕೊಂಡು ಬಂದು ನಿಂತಳು.

ಈಗ ಪಾರ್ವತಕ್ಕ ಇಲ್ಲ. ಇಲ್ಲಿ ನಾವಿರುವ ಎಂವಿಪಿ ಕಾಲೋನಿಯ ಎಷ್ಟೋ ಮನೆಗಳ ಗಾಜಿನ ಬೀರುವಿನಲ್ಲಿ ಆ ಬೊಂಬೆ ಇದೆ. ಮುಖ ಎಷ್ಟು ಚೆಂದ ಎನ್ನುತ್ತಾರೆ. ಅವಳನ್ನು ನೆನೆದರೆ ನನಗೂ ಸುಟ್ಟ ಕೆನ್ನೆಯೇ ಕಾಣುತ್ತದೆ. ಇನ್ನೊಂದು ಕೆನ್ನೆ ಹೇಗಿತ್ತೋ ಮರೆತುಹೋಗಿದೆ. ಅವಳದೊಂದು ಫೋಟೋ ಕೂಡ ಯಾರೂ ತೆಗೆದಿರಲಿಲ್ಲ. ನಿಮಗಿನ್ನೂ ಕನ್ನಡ ಓದಲು ಬರುವುದಿಲ್ಲ. ಬರುವವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ.