ಕುದುರೆಯಿಲ್ಲದವನ ಬಿರ್ಜಿಸ್

ಕಲಬುರಗಿಯ ಬ್ರಹ್ಮಪುರ ಓಣಿಯ ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ, ಬೇವಿನೆಲೆಗಳ ನಡುವೆ, ಒಂದು ಖಾಕಿ ಬಿರ್ಜಿಸ್ ಮಡಿಸಿಟ್ಟಿದೆ. ತೊಡೆಯ ಬಳಿ ಬೀಸಣಿಗೆಯಂತೆ ಅರಳಿ, ಮೊಣಕಾಲಿನ ಕೆಳಗೆ ಮೈಗೆ ಬಿಗಿದುಕೊಳ್ಳುವ ಆ ಇಜಾರವನ್ನು ನೀವೂ ಕಂಡಿರುತ್ತೀರಿ, ಮಿತ್ರರೇ. ಚೌಗಾನ್, ಅಂದರೆ ಪೋಲೊ, ಆಡುವ ಸವಾರರಿಗಾಗಿ ಹುಟ್ಟಿದ ಉಡುಪದು. ಓಡುವ ಕುದುರೆಯ ಮೇಲಿಂದ ಬಾಗಿ ಕೋಲು ಬೀಸುವಾಗ ತೊಡೆಗೆ ಸಡಿಲವಿರಲಿ, ಜೀನಿಗೆ ಉಜ್ಜಿದ ಬಟ್ಟೆ ಕಾಲಲ್ಲಿ ಮುದುಡದಿರಲಿ ಎಂಬ ಜಾಣ್ಮೆ ಅದರ ಹೊಲಿಗೆಯಲ್ಲಿದೆ. ಆಟ ಮುಗಿದರೂ ಅದರ ಠೀವಿ ಮುಗಿಯಲಿಲ್ಲ. ಸಾಹೇಬರು ಅದನ್ನು ತೊಟ್ಟೇ ಕಚೇರಿಗೆ ಬಂದರು, ಅವರನ್ನು ಕಂಡು ನಿಜಾಮ ಸರಕಾರದ ಬಡ ಗುಮಾಸ್ತನಾದ ನಾನೂ ರೋಜಾ ಓಣಿಯ ದರ್ಜಿಯ ಮುಂದೆ ಅಳತೆಗೆ ನಿಂತೆ. ಠೀವಿ ಹೆಚ್ಚಲೆಂದು ಇನ್ನಷ್ಟು ಬಿಗಿ ಮಾಡಿಸಿದೆ.

ಕಮಲಾಪುರಕ್ಕೆ ಹೆಣ್ಣು ನೋಡಲು ಹೊರಟಾಗ, ಧೋತರ ಉಡು ಎಂದರು ಸೋದರಮಾವ. ಕೇಳಲಿಲ್ಲ. ಎತ್ತಿನ ಬಂಡಿಯಲ್ಲಿ ಹೋದೆ, ಸವಾರನ ಉಡುಪು ತೊಟ್ಟು.

ಊಟಕ್ಕೆ ಕೂಡುವಾಗ ಮೊಣಕಾಲು ಮಡಿಯಲಿಲ್ಲ. ಹಿರಿಯರ ಎದುರಿಗೇ ಒಂದು ಕಾಲು ಚಾಚಿ ಕೂತೆ. ಹುಡುಗಿಯ ಅಜ್ಜಿ ಕಾಲಿಗೇನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ, ಕುದುರೆಯಿಂದ ಬಿದ್ದಿದ್ದಾನೆ ಎಂದುಬಿಟ್ಟರು. ಅಜ್ಜಿ ಮರುಗಿ ಎಣ್ಣೆ ಬಿಸಿ ಮಾಡಿ ತಂದರು. ಬಿರ್ಜಿಸ್ ಮೊಣಕಾಲಿನ ಮೇಲೇರಲಿಲ್ಲವಾಗಿ ಹುಡುಗಿಯ ತಂದೆ ತಮ್ಮದೇ ಮಡಿ ಧೋತರ ಕೊಟ್ಟು ಒಳಗೆ ಕಳಿಸಿದರು. ಉಟ್ಟು ಬಂದು ಕೂತೆ. ಅಜ್ಜಿಯ ಬೆರಳುಗಳು ಮೊಣಕಾಲನ್ನು ಸುತ್ತಲೂ ಒತ್ತಿ ನೋಡಿ, ನಿಂತವು.

"ಕಾಲಿಗೇನೂ ಆಗಿಲ್ಲಪ್ಪ," ಎಂದರು, ನನಗಷ್ಟೇ ಕೇಳುವಂತೆ. "ಅರಿವಿ ಬಿಗಿ ಆಗ್ಯಾದ, ಅಷ್ಟ."

ಹಾಗೆಂದವರು ಎಣ್ಣೆ ಹಚ್ಚುವುದನ್ನು ಬಿಡಲಿಲ್ಲ. ನನ್ನ ಮಾನ ಕಾಯಲೆಂದು ಆ ಹಿರಿಯ ಜೀವ ನೋವಿಲ್ಲದ ಕಾಲನ್ನು ನೀವುತ್ತಲೇ ಇತ್ತು. ಅದನ್ನು ತಾಳಲಾಗಲಿಲ್ಲ.

"ನಾ ಕುದುರಿಯಿಂದ ಬಿದ್ದಿಲ್ರಿ," ಎಂದೆ, ಎಲ್ಲರಿಗೂ ಕೇಳುವಂತೆ. "ನನಗ ಕುದುರಿ ಏರಾಕ ಬರಂಗಿಲ್ಲ."

ಎರವಲು ಧೋತರದಲ್ಲಿ ಕಾಲು ಸುಖವಾಗಿ ಮಡಿಯಿತು, ಎಲೆಯ ಮೇಲಿಂದ ಕಣ್ಣೆತ್ತದೆ ಊಟ ಮುಗಿಸಿದೆ. ಕಲಬುರಗಿ ಮುಟ್ಟುವವರೆಗೆ ಮಾವ ನನ್ನತ್ತ ತಿರುಗಲಿಲ್ಲ.

ಒಪ್ಪಿಗೆಯೆಂದು ಕಮಲಾಪುರದಿಂದ ಹೇಳಿಕೆ ಬಂದಾಗ ನಂಬಿಕೆಯಾಗಲಿಲ್ಲ. ಮದುವೆಯಾಯಿತು, ಮಕ್ಕಳಾದವು. ಇಂದಿಗೂ ಬಿರ್ಜಿಸ್ ತೊಟ್ಟವರು ಬೀದಿಯಲ್ಲಿ ಹಾದರೆ ಕಣ್ಣು ತಾನಾಗಿ ಹಿಂಬಾಲಿಸುತ್ತದೆ. ಇಷ್ಟಾದ ಮೇಲೂ ಸಾಯದ ಆ ಆಸೆಗೂ ನಾಚುತ್ತೇನೆ. ಅಂದಿನ ನಾಚಿಕೆ ನನ್ನೊಬ್ಬನದೇ ಎಂದುಕೊಂಡಿದ್ದೆ. ಮೊನ್ನೆ ಹೆಂಡತಿಯನ್ನು ಕೇಳಿದೆ, ಯಾಕೆ ಒಪ್ಪಿದೆ ಎಂದು. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನೀವು ಕಾಲು ಚಾಚಿ ಒದ್ದಾಡೂದು ನೋಡಿ ಬಾಗಿಲ ಹಿಂದ ನಿಂತು ನಕ್ಕಿದ್ದೆರಿ," ಎಂದಳು. "ಆಮ್ಯಾಲ ನೀವು ಖರೆ ಹೇಳಿದ್ರಿ. ನಕ್ಕ ನನಗ ನಾಚಿಕಿ ಬಂದು ಮಾರಿ ಎತ್ತಾಕ ಆಗಲಿಲ್ಲ. ಹೆಂಗ ಒಲ್ಲೆ ಅನ್ಲಿ?"