ಒಂದು ಚೂರು ಬೆಲ್ಲಕ್ಕೆ ಇಪ್ಪತ್ತು ದಂಡ

ಕಳೆದ ಭಾನುವಾರ, ಬೆಳಿಗ್ಗೆ ಏಳು ಗಂಟೆ ನಾಲ್ಕು ನಿಮಿಷ. ಸಾಗರದಿಂದ ನಮ್ಮ ಬೈಕ್ ಹೊರಟಿತು. (ರೇಡಿಯೋ ವಾರ್ತೆಗೆ ವಾಚ್ ಸರಿ ಮಾಡಿಕೊಂಡಿದ್ದೆ.)

ಹೊಸನಗರದ ಮೇಲೆ ತೀರ್ಥಹಳ್ಳಿಗೆ ಮೋಟಾರ್ ರ್‍ಯಾಲಿ. ಓಡಿಸುವವನು ನನ್ನ ಸ್ನೇಹಿತ ರಂಗಪ್ಪ, ಹೊಸನಗರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಹಿಂದೆ ಕೂತು ದಾರಿ, ಸಮಯ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವನು ನಾನು. ಮೊದಲ ಎರಡು ಸ್ಥಾನದವರಿಗೆ ಬೆಂಗಳೂರಿನ ದೊಡ್ಡ ರ್‍ಯಾಲಿಗೆ ಪ್ರವೇಶ. ಅದಕ್ಕಾಗಿ ರಂಗಪ್ಪ ಎರಡು ವರ್ಷದಿಂದ ಆ ಹಳೇ ಬೈಕನ್ನು ಬಿಚ್ಚುತ್ತಿದ್ದ, ಜೋಡಿಸುತ್ತಿದ್ದ.

ಲೆಕ್ಕ ಸರಳ. ಒಂದು ನಿಮಿಷ ತಡವಾದರೆ ಒಂದು ಅಂಕ ದಂಡ. ಕಡಿಮೆ ದಂಡ ಬಿದ್ದವರು ಗೆದ್ದರು. ನಡುವೆ ಗೊತ್ತುಮಾಡಿದ ಜಾಗಗಳಲ್ಲಿ ಕಾರ್ಡಿಗೆ ಸೀಲು ಹಾಕಿಸಿಕೊಳ್ಳಬೇಕು.

ಹೊಸನಗರ ದಾಟಿದ ಮೇಲೆ ಒಂದು ಸೀಲಿಗಾಗಿ ಮಣ್ಣುರಸ್ತೆಯಲ್ಲಿ ಸುತ್ತು ಹೊಡೆಯಬೇಕಿತ್ತು. ಹೋಗಿ ಬರಲು ಇಪ್ಪತ್ತೆಂಟು ನಿಮಿಷ. ಅಲ್ಲೊಂದು ಕವಲು. ಯಾವ ಕಡೆ ಎಂದು ಒಂದು ಮನೆಯ ಮುಂದೆ ನಿಂತು ಕೇಳಿದೆವು. ದಾರಿ ಕೇಳಲು ಅಡ್ಡಿಯಿಲ್ಲ, ನಿಯಮದಲ್ಲೇ ಇದೆ. ಆದರೆ ನಮ್ಮ ಕಡೆ ದಾರಿ ಮಾತ್ರ ಹೇಳಿ ಕಳಿಸಿದ ಮನೆ ನೀವು ಕಂಡಿದ್ದೀರಾ? ಅಜ್ಜಿಯೊಬ್ಬರು ಬೆಲ್ಲ, ಚೊಂಬು ನೀರು ತಂದೇಬಿಟ್ಟರು.

"ಬಾಗ್ಲಿಗೆ ಬಂದೋರು ಬಾಯಾರಿ ಹೋಗ್ಬಾರ್ದು ಮಗಾ."

ಬೇಡ ಎನ್ನುವುದು ಹೇಗೆ? ತಿಂದೆವು, ಕುಡಿದೆವು, ಹೊರಟೆವು.

ತೀರ್ಥಹಳ್ಳಿ ತಲುಪಿದಾಗ ಹದಿನೆಂಟು ನಿಮಿಷ ತಡ. ದಂಡ ಹದಿನೆಂಟು. ಎರಡನೇ ಸ್ಥಾನ!

ಮೊದಲನೆಯವರ ದಂಡ ಹದಿನೈದು. ಹೇಗೆ ಬಂತು? ಅವರು ಆ ಸುತ್ತಿಗೆ ಹೋಗಲೇ ಇಲ್ಲ. ನೇರ ಟಾರು ರಸ್ತೆಯಲ್ಲಿ ಬಂದು ಹೊತ್ತಿಗೆ ಸರಿಯಾಗಿ ಮುಟ್ಟಿದರು. ಸೀಲು ತಪ್ಪಿಸಿದ್ದಕ್ಕೆ ಹದಿನೈದು ಅಂಕ, ಅಷ್ಟೇ. ಹದಿನೈದು ಕೊಟ್ಟು ಇಪ್ಪತ್ತೆಂಟು ನಿಮಿಷ ಉಳಿಸಬಹುದಾದರೆ ಅದು ದಂಡವೋ, ಟಿಕೆಟ್ಟೋ?

"ಬಿಡು ಮಾರಾಯ, ಎರಡ್ನೇದಾದ್ರೂ ಬೆಂಗಳೂರಿಗೆ ಹೋಗ್ತೀನಲ್ಲ" ಎಂದ ರಂಗಪ್ಪ.

ನಾನು ಬಿಡಲಿಲ್ಲ. ಅವರಿಗೆ ಬಿದ್ದ ದಂಡ ಸಾಲದೆಂದು ದೂರು ಕೊಟ್ಟೆ. ಆ ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸಲು ನನ್ನ ನೋಟ್‌ಬುಕ್ಕನ್ನೇ ಸಂಘಟಕರ ಮೇಜಿನ ಮೇಲೆ ಬಿಚ್ಚಿಟ್ಟೆ. ಅಲ್ಲಿದ್ದ ಹಿರಿಯರು ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು.

'9.12. ಬೆಲ್ಲ, ನೀರು. ಎರಡು ನಿಮಿಷ.'

ದಾರಿಯಲ್ಲಿ ಹೊರಗಿನವರ ನೆರವು ಪಡೆದರೆ ಇಪ್ಪತ್ತು ಅಂಕ ದಂಡವಂತೆ. ನಾನು ವಾದಿಸಿದೆ. ನೆರವು ಎಂದರೆ ರಿಪೇರಿ, ಪೆಟ್ರೋಲು; ಬೆಲ್ಲ ಹೇಗಾಗುತ್ತದೆ? ನಿಯಮದಲ್ಲಿ ಹಾಗೆ ಬಿಡಿಸಿ ಬರೆದಿಲ್ಲ ಎಂದರು.

"ಅಜ್ಜಿ ಕೊಟ್ಟಿದ್ದು ನಂಗೆ ಸಾರ್, ಗಾಡಿಗಲ್ಲ" ಎಂದ ರಂಗಪ್ಪ.

ಸುತ್ತಲಿದ್ದವರು ನಕ್ಕರು. ಹಿರಿಯರೂ ನಕ್ಕರು. ನಗುತ್ತಲೇ ಬರೆದರು: ಮೂವತ್ತೆಂಟು. ನಾವು ಆರನೇ ಸ್ಥಾನಕ್ಕೆ ಇಳಿದೆವು. ಸೀಲು ತಪ್ಪಿಸಿದವರು ಇದ್ದಲ್ಲೇ ಇದ್ದರು.

ವಾಪಸು ಬರುವಾಗ ರಂಗಪ್ಪ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸಿದಾಗ ಒಂದೇ ಮಾತು ಕೇಳಿದ.

"ಬೆಲ್ಲ ತಿಂದಿದ್ದನ್ನೂ ಬರೀಬೇಕಿತ್ತಾ?"

(ಬರೆಯದಿದ್ದರೆ ಆ ಇಪ್ಪತ್ತೆಂಟು ನಿಮಿಷವನ್ನು ಯಾರು ನಂಬುತ್ತಿದ್ದರು?)

ರ್‍ಯಾಲಿಯ ನಿಯಮ ಬಲ್ಲವರು ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ದಾರಿ ಬಿಟ್ಟವರಿಗೆ ಹದಿನೈದು, ಬೆಲ್ಲ ತಿಂದವರಿಗೆ ಇಪ್ಪತ್ತು: ರಂಗಪ್ಪನಿಗೆ ನಾನು ಏನು ಉತ್ತರ ಹೇಳಲಿ?